ಅತ್ತೆ ಕೂಡುವ ಜಾಗಕ್ಕೆ ಮೂಡಗಾಳಿ

ಆ ದಿನ ಮಾಡಿದ ಕೆಲಸಗಳು ಇಷ್ಟು. ನಸುಕಿನಲ್ಲಿ ಅಂಗಳ ಗುಡಿಸಿ ನೀರು ಚಿಮುಕಿಸಿದ್ದು. ಅತ್ತೆಯ ಜಳಕಕ್ಕೆ ಹಂಡೆಯ ಒಲೆ ಹೊತ್ತಿಸಿದ್ದು. ಅಗ್ಗಿಷ್ಟಿಗೆಗೆ ಕೆಂಡ ಮಾಡಿದ್ದು. ಎಮ್ಮೆ ಹಿಂಡಿದ್ದು. ಹದಿನಾರು ರೊಟ್ಟಿ ಬಡಿದದ್ದು. ಪಡಸಾಲೆಯ ಹೊಸ ಗೂಟಗಳಿಗೆ ಕಂಬಳಿ, ಸ್ವೆಟರು, ಟೊಪ್ಪಿಗೆ ತೂಗುಹಾಕಿದ್ದು. ಅರ್ಧ ತಾಸು ನನ್ನ ಫೋನು ಹುಡುಕಿದ್ದು. ಲೆಕ್ಕ ತಪ್ಪುವಷ್ಟು ಸಲ ಚಹಾಕ್ಕೆ ಇಟ್ಟದ್ದು. ಬಂದಬಂದವರಿಗೆಲ್ಲ, ನಮ್ಮ ಅತ್ತೆ ಬದುಕಿದ್ದಾರೆ ಎಂದು ಹೇಳಿದ್ದು. ಕಡೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ದಿನಾ ಇರುವುದೇ.

ನಮ್ಮದು ಸಂಶಿಯ ಹತ್ತಿರದ ಹಳ್ಳಿ. ಮನೆ ಮೂಡಣಕ್ಕೆ ಮುಖ ಮಾಡಿದೆ. ತಲೆಬಾಗಿಲು ದಾಟಿದರೆ ಎಡಕ್ಕೆ ತಗ್ಗಿನ ಜಾಗ, ಹಿಂದೆ ಎತ್ತು ಕಟ್ಟುತ್ತಿದ್ದದ್ದು. ಈಗ ಅಲ್ಲಿ ಬೈಕು, ಬೆಳೆಗೆ ಕೀಟದ ಎಣ್ಣೆ ಹೊಡೆಯುವ ಪಂಪು, ಗೊಬ್ಬರದ ಖಾಲಿ ಚೀಲ ಇರುತ್ತವೆ. ಬಲಕ್ಕೆ ಮೊಣಕಾಲೆತ್ತರದ ಪಡಸಾಲೆ. ಬಾಗಿಲಿಗೆ ಎದುರಾಗಿ ಆ ಪಡಸಾಲೆಯ ಗೋಡೆಗೆ ಒರಗಿ ಅತ್ತೆ ಕೂಡುತ್ತಾರೆ. ನಾನು ಈ ಮನೆಗೆ ಬಂದು ಇಪ್ಪತ್ತಾರು ವರ್ಷ. ಅಂದಿನಿಂದಲೂ ಅವರು ಅಲ್ಲೇ. ಅಲ್ಲಿ ಕೂತರೆ ಬೀದಿಯ ನಳ, ಹಿಟ್ಟಿನ ಗಿರಣಿ, ಬಸ್ಸು ನಿಲ್ಲುವ ಬೇವಿನ ಗಿಡ ಎಲ್ಲ ಕಾಣುತ್ತದೆ. ಯಾರ ಮನೆಗೆ ಬೀಗರು ಬಂದರು, ಯಾರ ಟ್ರ್ಯಾಕ್ಟರು ಯಾರ ಹೊಲದ ಕಡೆ ತಿರುಗಿತು, ಯಾರ ಸೊಸೆ ಸಿಟ್ಟಿನಿಂದ ಕೊಡ ಇಟ್ಟಳು ಎಂಬುದನ್ನು ಅವರು ಕೂತಲ್ಲಿಂದಲೇ ಒಳಗೆ ಕೂಗಿ ಹೇಳುತ್ತಾರೆ. ನಾನು ರೊಟ್ಟಿ ಬಡಿಯುತ್ತ ಕೇಳುತ್ತೇನೆ. ನಮ್ಮ ಮನೆಗೆ ಬೇರೆ ಪೇಪರು ಬೇಕಿಲ್ಲ.

ಆದರೆ ಕಾರ್ತಿಕ ಮುಗಿಯುತ್ತಲೇ ಮೂಡಗಾಳಿ ಶುರುವಾಗುತ್ತದೆ. ಎರೆಹೊಲದ ಮೇಲೆ ಅಡ್ಡಿಯಿಲ್ಲದೆ ಬಂದದ್ದು ಸೀದಾ ನಮ್ಮ ಬಾಗಿಲಿಗೇ ಬಡಿಯುತ್ತದೆ. ಹಿಂದಿನ ಚಳಿಗಾಲದಲ್ಲಿ ಅತ್ತೆಗೆ ಕೆಮ್ಮು ಹತ್ತಿ ದವಾಖಾನೆ ಕಾಣುವಂತಾಯಿತು. ಹುಬ್ಬಳ್ಳಿಯಲ್ಲಿರುವ ಅವರ ಹಿರಿಯ ಮಗಳು, ಅಂದರೆ ನನ್ನ ದೊಡ್ಡ ನಾದಿನಿ, ಬಂದು ಕರೆದುಕೊಂಡು ಹೋದರು. ಮೂರನೆಯ ಅಂತಸ್ತಿನ ಮನೆ. ಮಗಳು ಅಂಗೈಯಲ್ಲಿಟ್ಟು ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಎರಡು ತಿಂಗಳಿಗೆ ಅತ್ತೆ ಅರ್ಧವಾಗಿ ಬಂದರು.

“ಅಲ್ಲಿ ಬಾಗಲಾ ತೆಗದ್ರ ಇನ್ನೊಬ್ಬರ ಬಾಗಲಾ ಕಾಣತೈತೆವ್ವಾ,” ಅಂದಿದ್ದರು ಬಂದ ದಿನ. “ಅದೂ ಹಾಕಿದ್ದು.”

ಈ ಸಲ ದೀಪಾವಳಿ ಮುಗಿದ ಮರುವಾರವೇ ನಾದಿನಿಯ ಫೋನು ಬಂತು. “ಒಂದ ಸಲ ಕೆಮ್ಮಿದ್ಲು ಅಂತ ಗೊತ್ತಾದ್ರ ಸಾಕು, ಗಾಡಿ ತಗೊಂಡ ಬರತೀನಿ. ಈ ಸಲ ಯುಗಾದಿ ಮಟಾ ಕಳಸೂದಿಲ್ಲ.”

ಫೋನಿನ ಈಚೆ ಕೂತು ಅತ್ತೆ ಎಲ್ಲ ಕೇಳಿಸಿಕೊಂಡರು. ಫೋನು ಇಟ್ಟ ಮೇಲೆ ನನ್ನ ಸೆರಗು ಹಿಡಿದು, “ಕೆಮ್ಮು ಬಂದ್ರ ಸೆರಗ ಕಚ್ಚಿ ಕೆಮ್ಮತೀನಿ. ನೀ ಮಾತ್ರ ಹೇಳಬ್ಯಾಡ,” ಅಂದರು. ನಗುತ್ತಲೇ ಅಂದರು. ಆದರೆ ಸೆರಗು ಬಿಡಲಿಲ್ಲ.

ಅವರು ಇಲ್ಲದ ಆ ಎರಡು ತಿಂಗಳು ನನಗೂ ನೆನಪಿತ್ತು. ಯಾರೂ ಒಳಗೆ ಬರುತ್ತಿರಲಿಲ್ಲ, ಹೊರಗಿನಿಂದಲೇ ಮಾತಾಡಿ ಹೋಗುತ್ತಿದ್ದರು. ನಾನು ರೊಟ್ಟಿ ಬಡಿದೇ ಬಡಿದೆ, ಊರಿನಲ್ಲಿ ಏನೂ ನಡೆಯದಂತೆ. ಹಾಗಾಗಿ ಗಾಳಿಯನ್ನು ನಿಲ್ಲಿಸಲಾಗದಿದ್ದರೂ ಬಾಗಿಲಿನ ಒಳಗಾದರೂ ಸರಿಮಾಡೋಣ ಎಂದು ನಾನೂ ನಮ್ಮನೆಯವರೂ ಕೂಡಿ ಕೆಲಸ ಹಿಡಿದೆವು. ಮೂರು ದಿನ ಹಿಡಿಯಿತು.

ಮೊದಲ ದಿನ ಹೊಸ್ತಿಲ ಒಳಗಿನ ಚಪ್ಪಲಿಗಳ ರಾಶಿ ತೆಗೆದೆ. ಎರೆಮಣ್ಣು ಒಣಗಿ ಹೆಂಟೆಯಾಗಿ ಅಂಟಿದ ಬೂಟುಗಳು, ಪಟ್ಟಿ ಹರಿದವು, ಯಾರದೆಂದೇ ಗೊತ್ತಿಲ್ಲದವು. ಒಂಟಿ ಚಪ್ಪಲಿಯೊಂದು ಸಿಕ್ಕಿತು. ಒಗೆಯಲು ಹೋದರೆ ಅತ್ತೆ ತಡೆದರು.

“ಇರಲಿ ಬಿಡು. ಅದರ ಜೋಡಿ ನಾಯಿ ಒಯ್ದೈತಿ. ತಂದ್ರೂ ತಂದೀತು.”

“ಅತ್ತಿ, ಆ ನಾಯಿ ಸತ್ತು ಮೂರು ವರ್ಷ ಆತ್ರಿ.”

“ಹಂಗಾದ್ರ ಒಗಿ.”

ಚಪ್ಪಲಿಗಳಿಗೆ ತಗ್ಗಿನಲ್ಲಿ ಒಂದು ಹಲಗೆ ಹಾಕಿದೆವು. ಬೈಕನ್ನು ಹಿತ್ತಲಿಗೆ ಒಯ್ದೆವು. ಅದನ್ನು ಒಳಗೆ ಹೊರಗೆ ಮಾಡಲೆಂದೇ ಬಾಗಿಲ ಒಂದು ಪಡಕು, ಅಂದರೆ ಒಂದು ಕದ, ಯಾವಾಗಲೂ ತೆರೆದಿರುತ್ತಿತ್ತು, ಗಾಳಿಗೆ ಅದೇ ದಾರಿಯಾಗಿತ್ತು. ನಮ್ಮನೆಯವರು ಹಲಗೆಯೊಂದಕ್ಕೆ ಏಳು ಗೂಟ ಬಡಿದು ಗೋಡೆಗೆ ಕೂಡಿಸಿದರು. ಒಂದು ಗೂಟ ಮಾತ್ರ ಕೆಳಗೆ, ಅತ್ತೆಗೆ ಕೂತಲ್ಲೇ ಕೈಗೆ ಸಿಗುವಂತೆ. ಹಳೆಯ ಬಿದಿರ ಬುಟ್ಟಿಯೊಂದರಲ್ಲಿ ಟೊಪ್ಪಿಗೆ, ಕಾಲುಚೀಲ ತುಂಬಿ ಅದರ ಪಕ್ಕ ಇಟ್ಟೆ.

ಎರಡನೆಯ ದಿನ ಬಾಗಿಲ ಸಂದಿ. ಹೊಸ್ತಿಲಿಗೂ ಬಾಗಿಲಿಗೂ ನಡುವೆ ಎರಡು ಬೆರಳು ಜಾಗ, ಇಲಿಗಳಿಗೆ ಅದು ರಾಜಬೀದಿ. ನಮ್ಮನೆಯವರ ಹಳೆಯ ಪೈಜಾಮದ ಒಂದು ಕಾಲು ಕತ್ತರಿಸಿ, ಜೋಳದ ಹೊಟ್ಟು ಗಿಡಿದು ತುಂಬಿ, ಎರಡೂ ಬಾಯಿ ಹೊಲಿದು ಆ ಸಂದಿಗೆ ಹಾಸಿದೆ. ಅತ್ತೆ ಬಗ್ಗಿ ನೋಡಿದರು.

“ನನ್ನ ಮಗನ ಕಾಲ ಕತ್ತರಿಸಿ ಬಾಗಲಕ್ಕ ಹಾಕಿದೇನಬೇ?”

“ಇನ್ನೊಂದ ಕಾಲ ಹಿತ್ತಲ ಬಾಗಲಕ್ಕೈತ್ರಿ,” ಅಂದರು ನಮ್ಮನೆಯವರೇ.

ಆಮೇಲೆ ಬಾಗಿಲ ಒಳಮೈಗೆ ಒಂದು ಹಳೆಯ ಕೌದಿಯನ್ನು ಪರದೆಯ ಹಾಗೆ ಇಳಿಬಿಟ್ಟೆ. ಅತ್ತೆಯೇ ಹೊಲಿದ ಕೌದಿ ಅದು. ಯಾವ ತುಂಡು ಯಾರ ಸೀರೆಯದು ಎಂದು ಹೇಳಬಲ್ಲರು. ಅದನ್ನು ಬಾಗಿಲಿಗೆ ಕಟ್ಟುವುದೆಂದರೆ ಅವರಿಗೆ ಪೂರಾ ಒಪ್ಪಿಗೆ ಇರಲಿಲ್ಲ.

“ಕೌದಿ ಹಾಸಾಕ, ಹೊಚ್ಚಾಕ. ಬಾಗಲಕ್ಕ ಥಂಡಿ ಆಗತೈತೇನು?”

“ಬಾಗಲಕ್ಕಲ್ರಿ ಅತ್ತಿ, ಅಲ್ಲಿ ಬರೋ ಗಾಳಿಗೆ.”

“ಗಾಳಿಗೆ ಕೌದಿ ಹೊಚ್ಚತೀಯಾ? ಹೊಚ್ಚು, ಹೊಚ್ಚು. ಅದಕ್ಕೂ ಪಾಪ ಥಂಡಿ ಇರತೈತಿ.”

ಕಷ್ಟವಾದದ್ದು ಸಂಜೆಯ ವಿಷಯ. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ತಲೆಬಾಗಿಲು ತೆರೆದಿರಬೇಕು, ಎರಡೂ ಪಡಕು. ಗಾಳಿ ಜೋರಾಗುವುದೂ ಆಗಲೇ. ಒಂದೇ ಪಡಕು ತೆರೆದಿಡೋಣವೇ ಅಂದೆ.

“ಲಕ್ಷ್ಮಿ ಅಡ್ಡ ತಿರುಗಿ ತೂರಿ ಬರಬೇಕೇನು?” ಅಂದರು ಅತ್ತೆ. ಅಲ್ಲಿಗೆ ಆ ಮಾತು ಮುಗಿಯಿತು.

ಹಾಗಾಗಿ ಬಾಗಿಲು ಬಿಟ್ಟು ಅತ್ತೆಯನ್ನೇ ಸರಿಸುವ ವಿಚಾರ ಮಾಡಿದೆವು. ಅವರು ಒರಗುವ ಗೋಡೆಯ ಆಚೆ ಬದಿಗೆ ಬಚ್ಚಲಿದೆ. ಹಂಡೆಯ ಒಲೆ ಇರುವಲ್ಲಿ ಗೋಡೆ ಮುಟ್ಟಿದರೆ ಸಂಜೆಯವರೆಗೂ ಬೆಚ್ಚಗಿರುತ್ತದೆ. ಇಷ್ಟು ವರ್ಷ ನೀರು ಕಾಯಿಸಿದ ನನಗೆ ಅದು ಅಂದೇ ಹೊಳೆದದ್ದು. ಆ ಜಾಗ ಅವರ ಜಾಗದಿಂದ ಮೂರು ಮೊಳ ಎಡಕ್ಕೆ. ಸರಿಯಲು ಅವರು ಮೊದಲು ಒಪ್ಪಲಿಲ್ಲ. ಸರಿದರೆ ಗಿರಣಿ ಕಾಣುವುದಿಲ್ಲವಂತೆ. ನಾನು ಮೊಳ ಹಾಕುತ್ತ ಹೋದೆ, ಅವರು ಕುತ್ತಿಗೆ ಚಾಚುತ್ತ ಹೋದರು. ಕಡೆಗೆ ಗಿರಣಿಯ ಅರ್ಧ ಬಾಗಿಲು ಕಾಣುವಲ್ಲಿ ರಾಜಿಯಾಯಿತು. ಕೆಳಗಿನ ಗೂಟವೂ ಬುಟ್ಟಿಯೂ ಅವರ ಹಿಂದೆಯೇ ಸರಿದವು. ಗಾಳಿ ಬರುವ ಬದಿಗೆ ಗೋವಿನಜೋಳದ ಆರು ಚೀಲ ಪೇರಿಸಿ ಒಂದು ಗಿಡ್ಡ ಗೋಡೆಯಂತೆ ಮಾಡಿದೆವು. ಕೂತವರಿಗೆ ಭುಜದವರೆಗೆ ಮರೆ, ಕಣ್ಣಿಗೆ ಅಡ್ಡಿಯಿಲ್ಲ.

ಉಳಿದದ್ದು ಅಗ್ಗಿಷ್ಟಿಗೆ. ಒಳಗೆ ಹೊತ್ತಿಸಿದರೆ ಹೊಗೆ, ಹೊಗೆಯಿಂದ ಕೆಮ್ಮು. ಅದಕ್ಕೆ ಹೊಸ್ತಿಲ ಹೊರಗೆ ಒಂದು ಬದಿಗೆ ಹೊತ್ತಿಸುವುದು, ಹೊಗೆ ಪೂರಾ ಹೋಗಿ ಕೆಂಡವಾದ ಮೇಲೆ ಒಳಗೆ ತಂದು ಅವರ ಕಾಲ ಹತ್ತಿರ ಇಡುವುದು. ಬೆಂಕಿಯ ಮೇಲೆ ಕಣ್ಣಿಡಲು ಆ ಅರ್ಧ ತಾಸು ಬಾಗಿಲು ತೆರೆದೇ ಇರಬೇಕಾಗುತ್ತದೆ. ಇಷ್ಟೆಲ್ಲ ಮಾಡಿ ಮೂರನೆಯ ದಿನ ರಾತ್ರಿ, ನಾಳೆಯಿಂದ ನೋಡೋಣ ಅಂದೆವು.

ಆ ನಾಳೆಯೇ ನಾನು ಹೇಳಹೊರಟ ದಿನ.

ನಸುಕಿಗೇ ಅತ್ತೆಯ ಜಳಕವಾಯಿತು. ಹಣೆತುಂಬ ಮೂರು ಬೆರಳಿನ ವಿಭೂತಿ ಬಳಿದುಕೊಂಡು, ಬಿಳಿ ಶಾಲು ಹೊದ್ದು ಹೊಸ ಜಾಗದಲ್ಲಿ ಗೋಡೆಗೆ ಒರಗಿ ಕೂತರು. ಪಕ್ಕದಲ್ಲಿ ದೀಪ ಹಚ್ಚಿಟ್ಟೆ. ಹೊರಗೆ ಬೆಂಕಿ ಹೊತ್ತುತ್ತಿದ್ದುದರಿಂದ ಬಾಗಿಲು ತೆರೆದಿತ್ತು. ಕಿವಿಗೆ ಗಾಳಿ ಹೊಗಬಾರದೆಂದು ಅತ್ತೆ ಒಂದು ಬಿಳಿ ಅರಿವೆಯನ್ನು ಗದ್ದದ ಕೆಳಗಿನಿಂದ ನೆತ್ತಿಯ ಮೇಲಕ್ಕೆ ತಂದು ಗಂಟು ಹಾಕಿಕೊಂಡರು. ಕಣ್ಣು ಮುಚ್ಚಿ ಜಪಕ್ಕೆ ಕೂತರು. ಗದ್ದ ಬಿಗಿದದ್ದರಿಂದ ತುಟಿಯೂ ಅಲ್ಲಾಡುತ್ತಿರಲಿಲ್ಲ.

ಹೊರಗೆ ಬೆಂಕಿಯ ಬಾಜು ನಮ್ಮನೆಯವರು ತಲೆಯ ಮೇಲೆ ಟಾವೆಲ್ ಹೊದ್ದು ಕುಕ್ಕರುಗಾಲಲ್ಲಿ ಕೂತಿದ್ದರು. ಬೆಂಕಿ ಕಂಡು ಓಣಿಯ ಇಬ್ಬರು ಹಿರಿಯರು ಬಂದು ಕಟ್ಟೆಯ ಮೇಲೆ ಕೂತರು. ಒಬ್ಬರ ಬಾಯಲ್ಲಿ ತಂಬಾಕು, ಇನ್ನೊಬ್ಬರು ಹಲ್ಲಿನ ಸೆಟ್ಟು ಮನೆಯಲ್ಲೇ ಬಿಟ್ಟು ಬಂದವರು. ಹೀಗಾಗಿ ಯಾರೂ ಮಾತಾಡುತ್ತಿರಲಿಲ್ಲ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಮನೆತನಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಜಳಕ ಮಾಡಿಸಿ, ವಿಭೂತಿ ಬಳಿದು, ಬಾಯಿ ತೆರೆಯದಂತೆ ಗದ್ದಕ್ಕೆ ಬಿಳಿ ಅರಿವೆ ಕಟ್ಟಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಪಕ್ಕದಲ್ಲಿ ದೀಪ ಇಡುತ್ತಾರೆ. ನಾನು ಈ ಮನೆಯಲ್ಲಿ ಅಂಥದ್ದು ಎರಡು ಸಲ ಕಂಡವಳು. ಆದರೂ ಆ ಮುಂಜಾನೆ ನನ್ನ ತಲೆಗೆ ಅದು ಬರಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಬೆಚ್ಚಗೆ ಕೂತ ಅತ್ತೆ ಮಾತ್ರ.

ಅದೇ ಹೊತ್ತಿಗೆ ನಮ್ಮೂರ ಕಾಕಾ ಒಬ್ಬರು ಮೆಂತ್ಯ, ಹಕ್ಕರಿಕೆ ಸೊಪ್ಪಿನ ಗಂಟು ಹೊತ್ತು ಮೊದಲನೆಯ ಬಸ್ಸಿಗೆ ಹೊರಟಿದ್ದರು. ಹುಬ್ಬಳ್ಳಿಯಲ್ಲಿ ನಮ್ಮ ನಾದಿನಿಯ ಓಣಿಯಲ್ಲೇ ಅವರ ವ್ಯಾಪಾರ. ನಮ್ಮ ಮನೆಯ ಮುಂದೆ ಗಕ್ಕನೆ ನಿಂತರು. ಒಳಗೆ ನೋಡಿದರು. ಗಂಟು ಒಂದು ಕೈಗೆ ಜಾರಿಸಿ ಹಣೆಗೆ ಕೈ ಮುಟ್ಟಿಸಿ ಮುಗಿದರು. ನಮ್ಮನೆಯವರೂ ಕೂತಲ್ಲಿಂದಲೇ ಮುಗಿದರು. ಅಷ್ಟರಲ್ಲಿ ಬೇವಿನ ಗಿಡದ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು, ಕಾಕಾ ಓಡಿದರು.

“ಕಾಕಾ ಇವತ್ತ ಭಾಳ ಭಕ್ತಿಲೆ ನಮಸ್ಕಾರ ಮಾಡಿದ್ನಲ್ಲ,” ಅಂದರು ನಮ್ಮನೆಯವರು.

ಆಮೇಲೆ ಕೆಂಡ ಒಳಗೆ ಬಂತು, ಬಾಗಿಲು ಮುಂದೆ ಮಾಡಿದೆವು, ಕೌದಿ ಇಳಿಬಿಟ್ಟೆವು. ಬಿಸಿಲೇರಿದ ಮೇಲೆ ಮತ್ತೆ ತೆರೆದೆವು. ನಮ್ಮನೆಯವರು ಕಡಲೆಯ ಹೊಲಕ್ಕೆ ಹೋದರು. ಅವರ ಫೋನು ರಿಪೇರಿಗೆಂದು ಅಂಗಡಿಯಲ್ಲಿತ್ತು. ನನ್ನದು ಎಲ್ಲಿದೆಯೆಂದು ಹುಡುಕಿ ಹುಡುಕಿ ಬಿಟ್ಟೆ. ಎಲ್ಲ ಸಾಮಾನಿಗೂ ಹೊಸ ಜಾಗ ಮಾಡಿದ್ದೆನಲ್ಲ, ಯಾವುದರಲ್ಲಿ ಸೇರಿಕೊಂಡಿತೋ. ಅತ್ತೆ ಗದ್ದದ ಅರಿವೆ ಬಿಚ್ಚಿಟ್ಟು, ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ಊಟಕ್ಕೆ ಕೂತರು.

ಒಂಬತ್ತೂವರೆಯ ಸುಮಾರು ಓಣಿಯ ತಿರುವಿನಲ್ಲಿ ಯಾರೋ ದೊಡ್ಡ ದನಿ ತೆಗೆದು ಅಳುವುದು ಕೇಳಿತು. ಅತ್ತೆ ತುತ್ತು ಕೈಯಲ್ಲಿಟ್ಟುಕೊಂಡೇ ಕಿವಿಗೊಟ್ಟರು.

“ಯಾರೋ ಹೋದ್ರು ಕಾಣತೈತಿ. ಹೋಗಿ ನೋಡಬೇ, ಯಾರಂತ.”

ನಾನು ಕೈ ಒರೆಸಿಕೊಂಡು ಹೊಸ್ತಿಲಿಗೆ ಬಂದರೆ ಎದುರಿಗೆ ನಾದಿನಿ. ಜಡೆ ಬಿಚ್ಚಿದೆ, ಕಾಲಲ್ಲಿ ಚಪ್ಪಲಿ ಇಲ್ಲ. “ಯವ್ವಾ, ನನ್ನ ಬಿಟ್ಟ ಹೋದ್ಯಾ ಯವ್ವಾ” ಎನ್ನುತ್ತ ನನ್ನ ಹೆಗಲ ಮೇಲೆ ಬಿದ್ದರು. ಹಿಂದೆ ಅವರ ಯಜಮಾನರು, ತಲೆ ತಗ್ಗಿಸಿಕೊಂಡು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅವರನ್ನು ಹಿಡಿದು ಒಳಗೆ ಕರೆತಂದೆ.

“ಯಾಕಬೇ, ಯಾರಿಗೇನಾತು?” ಅಂದರು ಅತ್ತೆ. ಬಾಯಲ್ಲಿ ರೊಟ್ಟಿ.

ನಾದಿನಿ ಅಳು ನಿಲ್ಲಿಸಿದರು. ತಾಯಿಯನ್ನು ನೋಡಿದರು, ತಟ್ಟೆ ನೋಡಿದರು, ಮತ್ತೆ ತಾಯಿಯನ್ನು ನೋಡಿದರು.

“ನೀನ ಹೋಗೀದಿ ಅಂದ್ರಬೇ!”

“ನಾನಾ?” ಅತ್ತೆ ನುಂಗಿಕೊಂಡರು. “ಯಾವಾಗ?”

“ಮುಂಜಾನೆ! ಸೊಪ್ಪಿನ ಕಾಕಾ ಬಂದು ಹೇಳಿದ. ಗೋಡೆಗೆ ಕೂಡ್ರಿಸ್ಯಾರ, ಗದ್ದಾ ಕಟ್ಟ್ಯಾರ, ಮುಖದ ಮ್ಯಾಲ ಅಗದಿ ಸಮಾಧಾನದ ಕಳೆ ಐತಿ ಅಂದ. ಫೋನ್ ಮಾಡಿ ಮಾಡಿ ಸಾಕಾತು, ಯಾರೂ ಎತ್ತವಲ್ರು. ಯಾಕ ಎತ್ತತಾರ, ಮಣ್ಣು ಕೊಡೂ ಗಡಿಬಿಡ್ಯಾಗ ಇರಬೇಕು ಅಂದ್ಕೊಂಡೆ!”

ಆಗಲೇ ಟೊಪ್ಪಿಗೆಯ ಬುಟ್ಟಿಯೊಳಗಿಂದ ಗುಂಯ್ ಎಂದು ಸದ್ದಾಯಿತು. ಕಾಲುಚೀಲಗಳ ಅಡಿಯಲ್ಲಿ ನನ್ನ ಫೋನು. ಫೋನು ಹೊಡೆದವರು ನಾದಿನಿಯ ಯಜಮಾನರೇ, ನಮ್ಮ ಮನೆಯ ಅಳಿಯಂದಿರು. ಏನೂ ತೋಚದೆ ಮತ್ತೊಂದು ಸಲ ಒತ್ತಿದ್ದರು.

ನಾದಿನಿ ಅಲ್ಲೇ ಕುಸಿದು ಕೂತು ತಾಯಿಯ ಮೊಣಕಾಲಿಗೆ ಹಣೆ ಹಚ್ಚಿ ಅತ್ತರು, ನಕ್ಕರು, ಯಾವುದು ಯಾವಾಗ ಎಂದು ಹೇಳಲು ಬರುತ್ತಿರಲಿಲ್ಲ. ಅತ್ತೆ ಎಂಜಲಿಲ್ಲದ ಕೈಯಿಂದ ಮಗಳ ತಲೆ ಸವರುತ್ತ ಅಳಿಯನ ಕಡೆ ನೋಡಿದರು.

“ಅಳಿಯಂದ್ರ, ಚೀಲದಾಗ ಏನ್ರಿ?”

“ಹೂವಿನ ಮಾಲಿ ರೀ...” ಅವರು ಚೀಲವನ್ನು ಬೆನ್ನ ಹಿಂದೆ ಸರಿಸಿದರು. “ಬಾಗಲಕ್ಕ ಹಾಕೂಣು ಅಂತ ತಂದೇನ್ರಿ.”

“ಚಲೋ ಆತಲ್ಲ. ಹಾಕ್ರಿ ಮತ್ತ.”

ಪಾಪ, ಕುರ್ಚಿ ಹತ್ತಿ ತೋರಣದ ಮೊಳೆಗೆ ಹಾಕಿದರು. ದೊಡ್ಡ ಚೆಂಡುಹೂವಿನ ಮಾಲೆ.

ಅಳು ಇಳಿದ ಮೇಲೆ ನಾದಿನಿಗೆ ಸಿಟ್ಟು ಬಂತು, ಬರುವುದೇ. ನನ್ನ ಕಡೆ ತಿರುಗಿದರು. “ಅಲ್ಲಬೇ, ಥಂಡ್ಯಾಗ ಬಾಗಲದ ಎದರ ಕೂಡ್ರಿಸಿ ಊರಿಗೆಲ್ಲಾ ತೋರಸ್ತೀರೇನು? ಮನ್ಯಾಗ ಒಳಗ ಖೋಲಿ ಇಲ್ಲ? ಗಾಡಿ ಹೆಂಗೂ ಬಂದೈತಿ. ಯವ್ವಾ, ಗಂಟ ಕಟ್ಟು, ಇವತ್ತ ಹೋಗೂಣು.”

ಮೂರು ದಿನ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಬೇಕೆನ್ನಿಸಿತು. “ಅಕ್ಕಾರ, ಒಂದ ಸಲ ಆ ಗೋಡೆ ಮುಟ್ಟಿ ನೋಡ್ರಿ,” ಅಂದೆ ಅಷ್ಟೇ.

ಅತ್ತೆ ತಟ್ಟೆ ಬದಿಗೆ ಸರಿಸಿದರು. ಅವರ ಮುಖದಲ್ಲಿ ನಗು ಇರಲಿಲ್ಲ. “ನೋಡಬೇ, ನೀ ಕರದ್ರ ಬರೂದಿಲ್ಲ ಅನ್ನೂದಿಲ್ಲ. ಆದ್ರ ಇವತ್ತ ನೀ ಇಲ್ಲೇ ಇರು. ನನ್ನ ಬಾಜೂಕ ಕುಂದ್ರು. ದೀಪ ಹಚ್ಚೂ ಹೊತ್ತಿಗೆ ಇಕಿ ಎರಡೂ ಬಾಗಲಾ ತೆಗೀತಾಳ. ಆವಾಗ ನಾ ಕೆಮ್ಮಿದ್ರ, ಇಲ್ಲಾ ನಿನಗ ಥಂಡಿ ಹತ್ತಿದ್ರ, ನಾಳೆ ನಾನ ಮುಂದಾಗಿ ಗಾಡಿ ಹತ್ತತೀನಿ.”

ನಾದಿನಿ ಗೋಡೆ ಮುಟ್ಟಿ ನೋಡಿ ಒರಗಿ ಕೂತರು. ಯಜಮಾನರಿಗೆ ಅಂದರು, “ನೀವು ಉಂಡು ಹೋಗ್ರಿ. ನಾಳೆ ಗಾಡಿ ಕಳಸ್ರಿ, ಇಬ್ರೂ ಬರತೀವಿ.”

ಆ ‘ಇಬ್ರೂ’ ನನ್ನ ಕಿವಿಯಲ್ಲಿ ಇಡೀ ದಿನ ಇತ್ತು.

ಆದರೆ ಆ ದಿನವೇ ಬೇರೆ ಥರ. ಸುದ್ದಿ ಊರು ಸುತ್ತಿತ್ತು. ಮೊದಲು ಅಳು ಕೇಳಿ ಬಂದವರು, ಆಮೇಲೆ ನಗು ಕೇಳಿ ಬಂದವರು. ಹೊಲಕ್ಕೆ ಹತ್ತಿ ಬಿಡಿಸಲು ಹೋದವರೂ ಮಧ್ಯಾಹ್ನ ತಿರುಗಿ ಬಂದರು. ಬಾಗಿಲ ಮಾಲೆ ಕಂಡು ಎದೆ ಹಿಡಿದುಕೊಂಡವರಿಗೆ ನಾನು ಹೊಸ್ತಿಲಲ್ಲೇ, “ಇಲ್ರಿ, ಅದಾರ, ಬರ್ರಿ,” ಅನ್ನಬೇಕಾಯಿತು. ಎಲ್ಲರೂ ಚಪ್ಪಲಿ ಹಲಗೆಯ ಮೇಲೇ ಬಿಟ್ಟರು, ಅದೊಂದು ನನಗೆ ಸಮಾಧಾನ. ಅತ್ತೆ ಪ್ರತಿಯೊಬ್ಬರಿಗೂ ಮೊದಲಿನಿಂದ ಕಥೆ ಹೇಳಿದರು. ಪ್ರತಿ ಸಲವೂ ಸ್ವಲ್ಪ ಹೆಚ್ಚು ಸತ್ತರು. ಇಷ್ಟು ಮಾತಾಡಿಯೂ ಒಂದು ಸಲವೂ ಕೆಮ್ಮಲಿಲ್ಲ. ನಾನು ಎಣಿಸುತ್ತಿದ್ದೆ. ನಾದಿನಿಯೂ ಎಣಿಸುತ್ತಿದ್ದರೆಂದು ಅವರ ಕಣ್ಣು ಹೇಳುತ್ತಿತ್ತು.

ಸಂಜೆಯ ಬಸ್ಸಿಗೆ ಕಾಕಾ ಇಳಿದರು. ಯಾರೋ ದಾರಿಯಲ್ಲೇ ಹೇಳಿರಬೇಕು, ಮಾರದೆ ಉಳಿದ ನಾಲ್ಕು ಸಿವುಡು ಮೆಂತ್ಯ ಹಿಡಿದುಕೊಂಡು ಬಂದು ಹೊಸ್ತಿಲ ಹೊರಗೇ ನಿಂತರು.

“ತಪ್ಪಾತ್ರಿ ಯವ್ವಾರ. ಕತ್ತಲಿತ್ರಿ, ಗದ್ದಾ ಕಟ್ಟಿತ್ರಿ...”

“ಅದಿರಲಿ,” ಅಂದರು ಅತ್ತೆ. “ನಾ ಸತ್ತೇನಿ ಅಂತ ತಿಳಕೊಂಡಿ, ಹೌದಿಲ್ಲೋ?”

“ಹೌದ್ರಿ.”

“ತಿಳಕೊಂಡೂ ಬಸ್ ಹತ್ತಿದಿ?”

ಕಾಕಾ ತಲೆ ಕೆರೆದುಕೊಂಡರು. “ಅದು ತಪ್ಪಿದ್ರ ಮುಂದಿಂದು ಎಂಟಕ್ಕ ರೀ. ಸೊಪ್ಪು ಬಾಡತಿತ್ತು.”

ಪಡಸಾಲೆಯೇ ನಕ್ಕಿತು. ಅತ್ತೆ ಅವರನ್ನು ಒಳಗೆ ಕರೆದು ಕೆಂಡದ ಹತ್ತಿರ ಕೂಡಿಸಿ ಚಹಾ ಕುಡಿಸಿ ಕಳಿಸಿದರು.

ಆಮೇಲೆ ಹೊತ್ತು ಮುಳುಗಿತು. ಬಂದವರೆಲ್ಲ ಎದ್ದು ಹೋಗಿದ್ದರು. ನಾನು ಕೌದಿ ಬದಿಗೆ ಸರಿಸಿ ಎರಡೂ ಪಡಕು ತೆರೆದೆ. ಗಾಳಿ ಕಾದು ನಿಂತಿದ್ದಂತೆ ನುಗ್ಗಿತು. ಮಾಲೆಯ ಹೂವು ಉದುರಿ ಪಡಸಾಲೆಯವರೆಗೂ ಹಾರಿ ಬಂತು. ದೇವರ ಮುಂದೆ ದೀಪ ಹಚ್ಚಿ, ಹೊಸ್ತಿಲಿಗೊಂದು ಹಚ್ಚಿಟ್ಟೆ. ಅದು ಎರಡು ಸಲ ಆರಿತು, ಮೂರನೆಯ ಸಲ ನಿಂತಿತು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಬೆನ್ನ ಹಿಂದೆ ಸದ್ದಿಲ್ಲ. ಅಷ್ಟರಲ್ಲಿ ಅತ್ತೆ ಗಂಟಲು ಸರಿಮಾಡಿಕೊಂಡರು. ಅವರು ಗಂಟಲು ಸರಿಮಾಡಿಕೊಂಡದ್ದು ಬೀದಿಯಲ್ಲಿ ಹೋಗುವವಳನ್ನು ಕೂಗುವುದಕ್ಕೆ.

“ಏ, ನಿಮ್ಮ ಎಮ್ಮಿ ಈದತೇನ ಲೇ?”

ತಿರುಗಿ ನೋಡಿದೆ. ಚೀಲಗಳ ಮರೆಯಲ್ಲಿ ತಾಯಿ ಮಗಳು ಒಂದೇ ಕಂಬಳಿ ಹೊದ್ದು ಕೂತಿದ್ದರು. ನಾದಿನಿ ಕೈ ಎತ್ತಿ ಚೀಲಗಳ ಮೇಲಿಂದ ಹೋಗುವ ಗಾಳಿಯನ್ನು ಮುಟ್ಟಿ ನೋಡುತ್ತಿದ್ದರು. ಕೈ ಇಳಿಸಿದರು. ಮತ್ತೆ ಎತ್ತಿದರು. ಅರ್ಧ ತಾಸು ಕಳೆಯಿತು. ನಾನು ಬಾಗಿಲು ಮುಂದೆ ಮಾಡಿ ಕೌದಿ ಇಳಿಬಿಟ್ಟೆ. ನಾದಿನಿ ನನ್ನ ಫೋನು ಕೇಳಿ ತೆಗೆದುಕೊಂಡು ಯಜಮಾನರಿಗೆ ಹಚ್ಚಿದರು.

“ನಾಳೆ ಗಾಡಿ ಬ್ಯಾಡ. ನಾ ಒಬ್ಬಾಕೇ ಬಸ್ಸಿಗೆ ಬರತೀನಿ... ಹ್ಞೂಂ, ಇಲ್ಲೇ ಇರಲಿ. ಚಲೋ ಅದಾಳ.”

ಫೋನು ಕೊಡುತ್ತ ನನ್ನ ಮುಖ ನೋಡದೆ ಅಂದರು, “ಆ ಕಡೇ ಚೀಲಾ ಇನ್ನೊಂದಿಷ್ಟು ಒಳಗ ಸರಸು. ಅಲ್ಲೊಂದ ಸಂದಿ ಐತಿ, ಕಾಲಿಗೆ ಗಾಳಿ ಬರತೈತಿ.”

ಸರಿಸಿದೆ. ಅತ್ತೆ ತಮ್ಮ ಕೆಳಗಿನ ಗೂಟದಿಂದ ಶಾಲು ತೆಗೆದು ಮಗಳಿಗೆ ಹೊದಿಸಿದರು. ಆಮೇಲೆ ನನ್ನ ಕಡೆ ನೋಡಿ, “ಇವತ್ತ ಏನ್ ಮಾಡ್ತೀಯವ್ವಾ ಊಟಕ್ಕ?” ಅಂದರು. ಆ ಕೇಳುವಿಕೆಯಲ್ಲಿ ಇಡೀ ಚಳಿಗಾಲದ ಸಂತೋಷವಿತ್ತು.

ಕಾಕಾ ತಂದ ಮೆಂತ್ಯದಲ್ಲಿ ಝುಣಕ ಮಾಡಿದೆ. ಉಳಿದ ಒಂದು ಸಿವುಡನ್ನು ಹಸಿಯಾಗಿಯೇ ಹೆಚ್ಚಿ, ಉಳ್ಳಾಗಡ್ಡಿ ಕೂಡಿಸಿ ಪಚಡಿ ಮಾಡಿದೆ. ಬಿಸಿ ರೊಟ್ಟಿ, ಗುರೆಳ್ಳ ಚಟ್ನಿ, ಕೆನೆಮೊಸರು, ಕಡೆಗೆ ಒಂದಿಷ್ಟು ಅನ್ನ, ಸಾರು. ಎಲ್ಲರೂ ಪಡಸಾಲೆಯಲ್ಲೇ ಕೂತು ಉಂಡೆವು. ನಾದಿನಿ ಮೂರು ರೊಟ್ಟಿ ಉಂಡರು, ಅತ್ತೆ ಒಂದೂವರೆ, ನಮ್ಮನೆಯವರು ಎಣಿಸಬೇಡ ಅಂದರು.

ಮೊದಲು ನಿದ್ದೆ ಹೋದವರು ನಾದಿನಿ. ಹಾಸಿಗೆ ಹಾಸುವ ಮೊದಲೇ, ತಾಯಿಯ ಹೆಗಲಿಗೆ ತಲೆಯಿಟ್ಟು, ಬೆಚ್ಚನೆಯ ಗೋಡೆಗೆ ಬೆನ್ನು ಹಚ್ಚಿ, ಏನೋ ಹೇಳುತ್ತ ಹೇಳುತ್ತಲೇ. ಅತ್ತೆ ಅಲ್ಲಾಡದೆ ಕೂತರು.